ಕಪ್ಪೆ ಮೊಟ್ಟೆ 20 ನಿಮಿಷದಲ್ಲಿ ತನ್ನ ಡಿಎನ್‌ಎ ಕಾಪಿ ಮಾಡೋದು ಹೆಂಗೆ? ಕೆರೆ ಅಂಚಿಂದ ಶುರು ಮಾಡಿ ಹಂತ ಹಂತವಾಗಿ ತಿಳ್ಕೊಳ್ಳೋಕೊಂದು ಸಮಗ್ರ ಮಾರ್ಗದರ್ಶಿ

ರೆಪ್ಲಿಕೇಶನ್ (ಡಿಎನ್‌ಎ ಕಾಪಿ ಆಗೋದು) ಪಾಠ ಅಂದ್ರೆ ನಮ್ಮ ತುಮಕೂರು ಕಡೆ ಪಿಯುಸಿ, ಬಿಎಸ್ಸಿ ಮಕ್ಕಳು ಹೆಲಿಕೇಸ್, ಪ್ರೈಮೇಸ್, ಪಾಲಿಮರೇಸ್, ಲೈಗೇಸ್ ಅಂತ ಎಂಜೈಮ್ ಹೆಸರುಗಳನ್ನ ಉರು ಹೊಡೆದು, ಫೋರ್ಕ್ (ಡಿಎನ್‌ಎ ಬಿಚ್ಕೊಂಡು ಕಾಪಿ ಆಗ್ತಿರೋ ಕವಲು) ಚಿತ್ರ ಬರೆದು ಮಾರ್ಕ್ಸ್ ತಗೊಂಡು ಅಲ್ಲಿಗೆ ಕೈ ತೊಳ್ಕೊಂಡು ಬಿಡ್ತಾರೆ. ಅದೇ ಸಿಲೆಬಸ್ಸಲ್ಲಿ ಇನ್ನೊಂದು ಪಾಠದಲ್ಲಿ ಕಪ್ಪೆ ಭ್ರೂಣ ಅರ್ಧ ಗಂಟೆಗೊಂದ್ಸಲ ಒಡ್ಕೊಂಡು ಎರಡು ನಾಲ್ಕು ಎಂಟು ಆಗ್ತಾ ಹೋಗತ್ತೆ ಅಂತಾನೂ ಇರತ್ತೆ, ಆದ್ರೆ ಈ ಎರಡು ಪಾಠನ ಪಕ್ಕಪಕ್ಕ ಇಟ್ಟು ನೋಡಿದೋರು ತುಂಬಾ ಕಮ್ಮಿ. ನಮ್ಮ ಮೈಯಲ್ಲಿರೋ ಒಂದು ಸೆಲ್ಲಿಗೆ ತನ್ನ ಡಿಎನ್‌ಎ ಪೂರ್ತಿ ಕಾಪಿ ಮಾಡೋಕೆ ಸುಮಾರು 8 ಗಂಟೆ ಬೇಕು. ಹೆಚ್ಚೂ ಕಮ್ಮಿ ನಮ್ಮಷ್ಟೇ ದೊಡ್ಡ ಜೀನೋಮ್ (ಒಟ್ಟು ಡಿಎನ್‌ಎ) ಇರೋ ಕಪ್ಪೆ, ಭ್ರೂಣದಲ್ಲಿ ಅದೇ ಕೆಲಸನ 20 ನಿಮಿಷದಲ್ಲಿ ಮುಗಿಸತ್ತೆ. ಎಂಜೈಮ್‌ಗಳು ಹೆಚ್ಚೂ ಕಮ್ಮಿ ಅವೇ, ಕೆಮಿಸ್ಟ್ರಿ ಅದೇ. ಹಂಗಾದ್ರೆ ಎಲ್ಲಿ ವ್ಯತ್ಯಾಸ?

ಈ ಒಂದೇ ಪ್ರಶ್ನೆ ಹಿಡ್ಕೊಂಡು ಹೋಗೋಣ. ಒಂದು ನೋಟ್‌ಬುಕ್, ಫೋನಲ್ಲಿರೋ ಕ್ಯಾಲ್ಕ್ಯುಲೇಟರ್, ಒಂದು ಟಾರ್ಚು, ಒಳ್ಳೆ ಮಳೆ ಇಷ್ಟು ಸಾಕು. ಮೊದಲೇ ಒಂದು ಮಾತು, ಇಲ್ಲಿ ಬರೋ ಅಂಕಿಅಂಶ ಎಲ್ಲಾ ಝೀನೋಪಸ್ ಲೀವಿಸ್ ಅನ್ನೋ ಆಫ್ರಿಕಾದ ಕಪ್ಪೆದು, ಯಾಕಂದ್ರೆ ಲ್ಯಾಬುಗಳಲ್ಲಿ ಈ ವಿಷಯದ ಕೆಲಸ ಬಹುಪಾಲು ನಡೆದಿರೋದು ಅದರ ಮೇಲೇನೇ. ನಮ್ಮ ಕೆರೆಯಲ್ಲಿ ಅದು ಸಿಗಲ್ಲ. ಆದ್ರೆ ಮೊಟ್ಟೆ ಒಡೆಯೋ ರೀತಿ ನಮ್ಮ ನೆಲಗಪ್ಪೆದೂ ಹಂಗೇನೇ ಇರೋದ್ರಿಂದ ಕಣ್ಣಲ್ಲಿ ನೋಡೋ ಭಾಗನ ಇಲ್ಲೇ ಮಾಡ್ಬಹುದು.

ಹಂತ 1: ಮೊದ್ಲು ಮೊಟ್ಟೆ ನೋಡಿ

ಪುಸ್ತಕ ತೆಗೆಯೋ ಮುಂಚೆ ಇದನ್ನ ಮಾಡಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಮುಂಗಾರು ಶುರು ಆಗೋ ಹೊತ್ತಲ್ಲಿ ಜೋರು ಮಳೆ ಹುಯ್ದು ನಿಂತ ರಾತ್ರಿ, ತೋಟದ ಗುಂಡಿ, ಕಟ್ಟೆ, ಕೆರೆ ಅಂಚಿನ ಆಳ ಇಲ್ಲದ ನೀರು, ಇಂಥ ಕಡೆ ಕಪ್ಪೆ ಕೂಗು ಕೇಳಿಸತ್ತೆ. ಹಳದಿ ಬಣ್ಣಕ್ಕೆ ತಿರುಗಿ ಗಂಟಲ ಪಕ್ಕ ನೀಲಿ ಚೀಲ ಉಬ್ಬಿಸ್ಕೊಂಡು ಕೂಗೋ ದೊಡ್ಡ ಕಪ್ಪೆ ಕಣ್ಣಿಗೆ ಬೇಗ ಬೀಳತ್ತೆ, ಆದ್ರೆ ನಮಗೆ ಬೇಕಾಗಿರೋದು ಅದಲ್ಲ. ಮೈ ತುಂಬ ಗಂಟು ಇರೋ ನೆಲಗಪ್ಪೆ ಹುಡುಕಿ. ಅದು ಮೊಟ್ಟೆನ ಮುದ್ದೆ ಮುದ್ದೆಯಾಗಿ ಇಡಲ್ಲ, ಉದ್ದಕ್ಕೆ ಎರಡು ಲೋಳೆ ದಾರ ಬಿಡತ್ತೆ, ಆ ದಾರದೊಳಗೆ ಕರಿಮಣಿ ಪೋಣಿಸಿದ ಹಂಗೆ ಮೊಟ್ಟೆ ಕಾಣ್ಸತ್ತೆ, ಹುಲ್ಲಿಗೋ ಕಡ್ಡಿಗೋ ಸುತ್ತಾಕ್ಕೊಂಡಿರತ್ತೆ. ನೀರು ತಿಳಿಯಾಗಿದ್ರೆ ದಡದಲ್ಲಿ ಕೂತ್ಕೊಂಡೇ ಫೋನಿಗೆ ಸಿಕ್ಕಿಸೋ ಮ್ಯಾಕ್ರೋ ಲೆನ್ಸಲ್ಲಿ ನೋಡ್ಬಹುದು.

ಟೈಮಿಂಗ್ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಗಂಡು ಹೆಣ್ಣಿನ ಬೆನ್ನ ಮೇಲೆ ಕೂತು ದಾರ ಹೊರಗೆ ಬರ್ತಾ ಇರೋ ಹೊತ್ತಲ್ಲೇ ನೋಡಿ ಗಂಟೆ ಬರ್ಕೊಳ್ಳಿ, ಅದೇ ನಿಮ್ಮ ಸೊನ್ನೆ ನಿಮಿಷ. ಬೆಳಿಗ್ಗೆ ಎದ್ದು ಕಾಫಿ ಕುಡಿದು ಹೋಗಿ ನೋಡಿದ್ರೆ ಸಿಗೋದು ಆಗ್ಲೇ ಸಾವಿರಾರು ಸೆಲ್ ಆಗಿರೋ ಉಂಡೆ, ಮೇಲಿಂದ ನುಣ್ಣಗೆ ಕಾಣ್ಸತ್ತೆ, ಒಂದೂ ಗೆರೆ ಕಾಣಲ್ಲ, ಆಗ ಏನೂ ನಡೀತಿಲ್ಲ ಅನ್ಸಿ ವಾಪಸ್ ಬಂದುಬಿಡ್ತಾರೆ.

ಹೊಸ ಮೊಟ್ಟೆಯಲ್ಲಿ ಕಪ್ಪು ಭಾಗ ಮೇಲಕ್ಕೆ, ತಿಳಿ ಭಾಗ ಕೆಳಕ್ಕೆ ತಿರುಗಿ ನಿಲ್ಲತ್ತೆ. ಟಾರ್ಚನ್ನ ಮೇಲಿಂದ ಬಿಡ್ಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ, ಆಗ ಕಪ್ಪು ತುದಿಯ ನಡುವೆ ಉಗುರಲ್ಲಿ ಗೀರಿದ ಹಂಗೆ ಒಂದು ಸಣ್ಣ ಗೆರೆ ಮೂಡೋದು ಕಾಣತ್ತೆ. ಅದರ ಎರಡೂ ತುದಿ ನಿಧಾನಕ್ಕೆ ಕೆಳಗಿಳೀತವೆ, ತಿಳಿ ಭಾಗದಲ್ಲಿ ಇನ್ನೂ ನಿಧಾನ, ಯಾಕಂದ್ರೆ ಅಲ್ಲಿ ಹಳದಿ ಆಹಾರ ದಟ್ಟವಾಗಿ ತುಂಬಿರತ್ತೆ. ಎರಡನೇ ಗೆರೆ ಮೊದಲನೇದಕ್ಕೆ ಅಡ್ಡಡ್ಡ ಬರತ್ತೆ. ಮೂರನೇದು ಸುತ್ತಲೂ ಮಲಗಿದ ಗೆರೆ, ಅದೂ ಸರಿಯಾಗಿ ನಡುವೆ ಅಲ್ಲ, ಸ್ವಲ್ಪ ಮೇಲೆ, ಹಂಗಾಗಿ ಮೇಲಿನ ನಾಲ್ಕು ಸೆಲ್ ಚಿಕ್ಕವು ಕೆಳಗಿನ ನಾಲ್ಕು ದೊಡ್ಡವು. ಪ್ರತಿ ಗೆರೆ ಶುರುವಾದ ಟೈಮ್ ಬರೀರಿ, ನೀರಿನ ಟೆಂಪರೇಚರ್ ಅಳೆಯೋಕಾದ್ರೆ ಅದನ್ನೂ ಬರೀರಿ. ನೀರು ತಣ್ಣಗಿದ್ದಷ್ಟೂ ಗೆರೆಗಳ ನಡುವಿನ ಟೈಮ್ ಜಾಸ್ತಿ ಆಗತ್ತೆ.

ಮೊಟ್ಟೆ ದಾರನ ನೀರಿಂದ ಎತ್ಬೇಡಿ, ಮನೆಗೆ ತರ್ಬೇಡಿ, ಕಪ್ಪೆ ಹಿಡೀಬೇಡಿ. ಕಾನೂನಿನ ಮಾತು ಒಂದು ಕಡೆ ಇರ್ಲಿ, ಒಂದು ಗಂಟೆ ಬಿಸಿಲಿಗೆ ಸಿಕ್ಕಿದ ದಾರ ಒಣಗಿ ಸಾಯತ್ತೆ ಅಷ್ಟೇ. ದೇವರಾಯನದುರ್ಗದ ಕಾಡೊಳಗೆ ರಾತ್ರಿ ಹೋಗೋ ಪ್ಲಾನ್ ಬೇಡವೇ ಬೇಡ, ಅದು ಅರಣ್ಯ ಇಲಾಖೆ ಜಾಗ, ನಿಮ್ಮ ತೋಟದ ಗುಂಡಿನೇ ಸಾಕು. ಇನ್ನೊಂದು, ಕಪ್ಪೆ ಇರೋ ಕಡೆ ಹಾವೂ ಬರತ್ತೆ, ನಮ್ಮ ಕಡೆ ಕೊಳಕುಮಂಡಲ ನಾಗರ ಎರಡೂ ಇವೆ, ಅದಕ್ಕೇ ಗಮ್‌ಬೂಟ್ ಹಾಕ್ಕೊಂಡು ಜೊತೆಗೆ ಒಬ್ಬರನ್ನ ಕರ್ಕೊಂಡೇ ಹೋಗಿ.

ಈ ಹಂತದಲ್ಲಿ ನೀವು ಗಮನಿಸಲೇಬೇಕಾದ ಒಂದು ವಿಷಯ ಇದೆ. ಮೊಟ್ಟೆ ಒಂದ್ಚೂರೂ ದೊಡ್ಡದಾಗಲ್ಲ. ಸೆಲ್ ಹೆಚ್ತಾ ಹೋಗತ್ತೆ, ಒಂದೊಂದೂ ಚಿಕ್ಕದಾಗ್ತಾ ಹೋಗತ್ತೆ, ಒಟ್ಟು ಸೈಜ್ ಅಷ್ಟೇ. ಬೆಳೆಯೋ ಕೆಲಸ ಇಲ್ಲ, ತಿನ್ನೋ ಕೆಲಸ ಇಲ್ಲ. ಪ್ರತಿ ಗೆರೆ ಮುಂಚೆ ಪೂರ್ತಿ ಡಿಎನ್‌ಎ ಒಂದ್ಸಲ ಕಾಪಿ ಆಗಿರತ್ತೆ, ಅದಷ್ಟೇ ಒಳಗೆ ನಡೆಯೋ ದೊಡ್ಡ ಕೆಲಸ.

ಹಂತ 2: ಸ್ವಲ್ಪ ಹಿಂದಕ್ಕೆ ಹೋಗಿ, ಅಂಡಾಶಯದೊಳಗೆ ನಡೆದಿದ್ದನ್ನ ಬರ್ಕೊಳ್ಳಿ

ಬಹಳ ನೋಟ್ಸುಗಳು ಫಲೀಕರಣದಿಂದ ಶುರುವಾಗ್ತವೆ, ಅದು ತಪ್ಪು ಜಾಗ. ಮೊಟ್ಟೆ ಇನ್ನೂ ತಾಯಿ ಹೊಟ್ಟೆಯಲ್ಲಿ ಬೆಳೀತಿರೋವಾಗ್ಲೇ ಒಂದು ವಿಚಿತ್ರ ರೆಪ್ಲಿಕೇಶನ್ ನಡೆದಿರತ್ತೆ. ಮಾಮೂಲಿ ನಿಯಮ ಏನು, ಕಾಪಿ ಆದ್ರೆ ಜೀನೋಮ್ ಪೂರ್ತಿ ಆಗ್ಬೇಕು, ಅದೂ ಒಂದೇ ಸಲ. ಎಳೇ ಅಂಡಕೋಶದಲ್ಲಿ (ಮುಂದೆ ಮೊಟ್ಟೆ ಆಗೋ ಸೆಲ್) ಮಾತ್ರ ರೈಬೋಸೋಮಿನ (ಪ್ರೋಟೀನ್ ಮಾಡೋ ಯಂತ್ರ) ಆರ್‌ಎನ್‌ಎ ಕೊಡೋ ಜೀನುಗಳನ್ನ ಮಾತ್ರ ಆರಿಸಿ, ಕ್ರೋಮೋಸೋಮಿಂದ ಹೊರಗೆ, ಬಳೆ ಆಕಾರದಲ್ಲಿ, ಸಾವಿರಾರು ಪಟ್ಟು ಕಾಪಿ ಮಾಡ್ಕೊಳ್ಳತ್ತೆ. ಬಳೆ ಒಂದು ಕಡೆ ಕತ್ತರಿಸಿ ಅಲ್ಲಿಂದ ಸುತ್ತುತ್ತಾ ಸುತ್ತುತ್ತಾ ಹೊಸ ಎಳೆ ಬಿಚ್ಕೊಂಡು ಬರತ್ತೆ, ಇದಕ್ಕೆ ರೋಲಿಂಗ್ ಸರ್ಕಲ್ ಅಂತಾರೆ. ಕೊನೆಗೆ ಆ ನ್ಯೂಕ್ಲಿಯಸ್ ಒಳಗೆ ಸಾವಿರಕ್ಕೂ ಹೆಚ್ಚು ನ್ಯೂಕ್ಲಿಯೋಲಸ್ (ರೈಬೋಸೋಮ್ ತಯಾರಾಗೋ ಜಾಗ) ತೇಲ್ತಿರ್ತವೆ. ಮಾಮೂಲಿ ಸೆಲ್ಲಲ್ಲಿ ಒಂದೆರಡು ಇದ್ರೆ ಹೆಚ್ಚು. 1968ರಲ್ಲಿ ಜೋಸೆಫ್ ಗಾಲ್ ಒಂದು ಕಡೆ, ಡೊನಾಲ್ಡ್ ಬ್ರೌನ್ ಮತ್ತು ಇಗೋರ್ ಡೇವಿಡ್ ಇನ್ನೊಂದು ಕಡೆ ಇದನ್ನ ತೋರಿಸಿದ್ರು.

ಯಾಕೆ ಇಷ್ಟೊಂದು ಅಂದ್ರೆ, ಬೆಳೆದ ಮೊಟ್ಟೆಗೆ ಸುಮಾರು ಒಂದು ಲಕ್ಷ ಕೋಟಿ ರೈಬೋಸೋಮ್ ಬೇಕು. ಮಾಮೂಲಿ ಸಂಖ್ಯೆಯ ಜೀನುಗಳಿಂದ ಅಷ್ಟು ಮಾಡ್ತಾ ಕೂತ್ರೆ ನೂರಾರು ವರ್ಷ ಹಿಡಿಯತ್ತೆ, ಕಪ್ಪೆ ಹತ್ರ ಅಷ್ಟು ಟೈಮ್ ಇಲ್ಲ.

ಇದಾದ ಮೇಲೆ ಅಂಡಕೋಶ ಮಿಯೋಸಿಸ್ (ಮೊಟ್ಟೆ, ವೀರ್ಯಾಣು ಮಾಡೋ ಸೆಲ್ ವಿಭಜನೆ) ಮಧ್ಯದಲ್ಲೇ ನಿಂತು ತಿಂಗಳುಗಟ್ಟಲೆ ಹಳದಿ ಆಹಾರ ತುಂಬ್ಕೊಂಡು 1.2 ಮಿಲಿಮೀಟರ್‌ವರೆಗೆ ದಪ್ಪ ಆಗತ್ತೆ. ಈ ಹೊತ್ತಲ್ಲಿ ಅದರೊಳಗೆ ಡಿಎನ್‌ಎ ಕಾಪಿ ಆಗಲ್ಲ. ಜಾನ್ ಗರ್ಡನ್ ಮತ್ತೆ ಅವರ ಜೊತೆಗಾರರು 1960ರ ದಶಕದಲ್ಲಿ ಮಾಡಿದ ಪ್ರಯೋಗನ ನೋಟ್‌ಬುಕ್ಕಲ್ಲಿ ಎರಡು ಸಾಲಾಗಿ ಬರ್ಕೊಳ್ಳಿ. ದೊಡ್ಡ ಕಪ್ಪೆಯ ಮೆದುಳಿನ ಸೆಲ್ ಇನ್ನು ಒಡೆಯೋದೇ ಇಲ್ಲ, ಅದರ ನ್ಯೂಕ್ಲಿಯಸ್ ತೆಗೆದು ಬೆಳೀತಿರೋ ಅಂಡಕೋಶದೊಳಗೆ ಇಟ್ರೆ ಅದು ಆರ್‌ಎನ್‌ಎ ಮಾಡತ್ತೆ, ಡಿಎನ್‌ಎ ಮಾಡಲ್ಲ. ಅದೇ ನ್ಯೂಕ್ಲಿಯಸ್ಸನ್ನ ಮಾಗಿದ ಮೊಟ್ಟೆಯೊಳಗೆ ಇಟ್ರೆ ಡಿಎನ್‌ಎ ಕಾಪಿ ಶುರು ಮಾಡತ್ತೆ! ಅಂದ್ರೆ ಯಾವಾಗ ಕಾಪಿ ಮಾಡ್ಬೇಕು ಅಂತ ಹೇಳೋದು ನ್ಯೂಕ್ಲಿಯಸ್ ಅಲ್ಲ, ಸುತ್ತ ಇರೋ ಸೈಟೋಪ್ಲಾಸಂ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಇದಕ್ಕಿಂತ ಚೆಂದದ ಪ್ರಯೋಗ ಇನ್ನೊಂದಿಲ್ಲ. ಮಾಗೋ ಹೊತ್ತಲ್ಲಿ ಏನು ಬದಲಾಯ್ತು ಅಂದ್ರೆ, ಪ್ರೊಜೆಸ್ಟರಾನ್ ಹಾರ್ಮೋನಿನ ಸಿಗ್ನಲ್ ಬಂದ ಮೇಲೆ ಮೊಟ್ಟೆ ಸಿಡಿಸಿ6 ಅನ್ನೋ ಪ್ರೋಟೀನ್ ಮಾಡ್ಕೊಳ್ಳತ್ತೆ. ಅಲ್ಲೀವರೆಗೂ ಅದೊಂದು ಇಲ್ಲದೇ ಇದ್ದಿದ್ದಕ್ಕೇ ಕಾಪಿ ಕೆಲಸ ಬಂದ್ ಆಗಿತ್ತು.

ಹಂತ 3: ಉಗ್ರಾಣದ ಪಟ್ಟಿ ಮಾಡಿ

ಇದು ಬೇಗ ಮುಗಿಯತ್ತೆ. ಒಂದು ಮಾಮೂಲಿ ಗೊದಮೊಟ್ಟೆ ಸೆಲ್ಲಿಗೆ ಹೋಲಿಸಿದ್ರೆ ಮೊಟ್ಟೆಯಲ್ಲಿ ಡಿಎನ್‌ಎ ಪಾಲಿಮರೇಸ್ (ಹೊಸ ಎಳೆ ಕಟ್ಟೋ ಎಂಜೈಮ್) ಸುಮಾರು 1 ಲಕ್ಷ ಪಟ್ಟು, ರೈಬೋಸೋಮ್ 2 ಲಕ್ಷ ಪಟ್ಟು, ಹಿಸ್ಟೋನ್ ಅನ್ನೋ ಪ್ರೋಟೀನ್ 15,000 ಪಟ್ಟು, ಡಿಎನ್‌ಎ ಕಟ್ಟೋಕೆ ಬೇಕಾದ ನ್ಯೂಕ್ಲಿಯೋಟೈಡ್ 2,500 ಪಟ್ಟು ಇರತ್ತೆ. ಕೊನೇ ಅಂಕಿ ಕೆಳಗೆ ಒಂದು ಗೆರೆ ಎಳೀರಿ, ಏಳನೇ ಹಂತದಲ್ಲಿ ಬೇಕಾಗತ್ತೆ. ಹಿಸ್ಟೋನ್ ಇಷ್ಟೊಂದು ಯಾಕೆ ಅಂತ ಮಕ್ಕಳು ಕೇಳ್ತಾರೆ. ಹೊಸ ಡಿಎನ್‌ಎ ಬರೀ ಮೈಯಲ್ಲಿ ಇರೋ ಹಂಗಿಲ್ಲ, ಕಾಪಿ ಆದ ತಕ್ಷಣ ಹಿಸ್ಟೋನಿಗೆ ಸುತ್ಕೊಳ್ಬೇಕು, ಅದಕ್ಕೇ.

ಹಂತ 4: ಲೆಕ್ಕ ಹಾಕಿ, ಇದೇ ಮಾರ್ಗದರ್ಶಿಯ ಜೀವ

ಕ್ಯಾಲ್ಕ್ಯುಲೇಟರ್ ತೆಗೀರಿ. ಝೀನೋಪಸ್ ಲೀವಿಸ್ ಜೀನೋಮ್ ಒಂದು ಸೆಟ್ಟಿಗೆ 310 ಕೋಟಿ ಬೇಸ್ ಜೋಡಿ (ಡಿಎನ್‌ಎ ಏಣಿಯ ಒಂದೊಂದು ಮೆಟ್ಟಲು), ಎರಡು ಸೆಟ್ ಸೇರಿ 620 ಕೋಟಿ. ಕ್ರೋಮೋಸೋಮ್ 36. ಭಾಗಿಸಿದ್ರೆ ಒಂದು ಕ್ರೋಮೋಸೋಮಿಗೆ ಸರಾಸರಿ 17 ಕೋಟಿ 20 ಲಕ್ಷ.

ಈಗ ಫೋರ್ಕ್ ಎಷ್ಟು ಸ್ಪೀಡಲ್ಲಿ ಓಡತ್ತೆ? ಲೆಕ್ಕಕ್ಕೆ ನಿಮಿಷಕ್ಕೆ 500 ಬೇಸ್ ಅಂತ ಇಟ್ಕೊಳ್ಳಿ. ಒಂದು ಆರಿಜಿನ್‌ನಿಂದ (ಕಾಪಿ ಶುರುವಾಗೋ ಜಾಗ) ಎರಡೂ ದಿಕ್ಕಿಗೆ ಫೋರ್ಕ್ ಹೊರಡೋದ್ರಿಂದ ನಿಮಿಷಕ್ಕೆ 1,000 ಬೇಸ್ ಮುಗಿಯತ್ತೆ. ಕ್ರೋಮೋಸೋಮಿನ ನಟ್ಟನಡುವೆ ಒಂದೇ ಒಂದು ಆರಿಜಿನ್ ಇದ್ರೆ 1,72,000 ನಿಮಿಷ ಬೇಕು. ದಿನಕ್ಕೆ ಭಾಗಿಸಿ ನೋಡಿ, ಸುಮಾರು 120 ದಿನ ಬರತ್ತೆ. ಝೀನೋಪಸ್ ಮೊಟ್ಟೆ ಸುಮಾರು ಎರಡು ತಿಂಗಳಿಗೆ ಗೊದಮೊಟ್ಟೆ ಹಂತ ದಾಟಿ ಕಪ್ಪೆನೇ ಆಗ್ಬಿಡತ್ತೆ. ಅಂದ್ರೆ ಕಪ್ಪೆ ಆದ ಮೇಲೂ ಮೊದಲನೇ ಕಾಪಿ ಇನ್ನೂ ಅರ್ಧದಲ್ಲಿರ್ತಿತ್ತು.

ಸ್ಪೀಡ್ ಜಾಸ್ತಿ ಮಾಡಿ ಇದನ್ನ ಸರಿಮಾಡೋಕಾಗಲ್ಲ, ಪಾಲಿಮರೇಸ್ ಸಾವಿರಾರು ಪಟ್ಟು ಜೋರಾಗಿ ಓಡೋಕೆ ಸಾಧ್ಯ ಇಲ್ಲ. ಸಿದ್ಧಗಂಗೆ ಜಾತ್ರೆಯಲ್ಲಿ ದಾಸೋಹದ ಪಂಕ್ತಿ ನೋಡಿ, ಸಾವಿರಾರು ಜನ ಕೂತಿರ್ತಾರೆ, ಬಡಿಸೋರು ಯಾರೂ ಓಡಾಡಲ್ಲ, ಆದ್ರೆ ಸ್ವಲ್ಪ ಸ್ವಲ್ಪ ದೂರಕ್ಕೆ ಒಬ್ಬೊಬ್ಬರು ಬಕೆಟ್ ಹಿಡ್ಕೊಂಡು ಏಕಕಾಲಕ್ಕೆ ಶುರು ಮಾಡ್ತಾರೆ, ಎಲ್ಲಾ ಎಲೆಗೂ ಬೇಗ ಬೀಳತ್ತೆ. ಮೊಟ್ಟೆ ಮಾಡೋದೂ ಅದನ್ನೇ. ಆರಿಜಿನ್‌ಗಳನ್ನ ಸರಾಸರಿ 10,000 ಬೇಸಿಗೊಂದು ಹಾಕ್ಕೊಳ್ಳತ್ತೆ. ಈಗ ಲೆಕ್ಕ ಮಾಡಿ, ಒಂದು ಫೋರ್ಕ್ 5,000 ಬೇಸ್ ಹೋದ್ರೆ ಪಕ್ಕದ ಆರಿಜಿನ್‌ನಿಂದ ಬರೋ ಫೋರ್ಕ್ ಎದುರಾಗತ್ತೆ, ಅದಕ್ಕೆ 10 ನಿಮಿಷ ಸಾಕು. 20 ನಿಮಿಷದಲ್ಲಿ ಆರಾಮಾಗಿ ಮುಗಿಯತ್ತೆ. ಒಟ್ಟು ಎಷ್ಟು ಆರಿಜಿನ್ ಆಯ್ತು? 6 ಲಕ್ಷ 20 ಸಾವಿರ, ಒಂದು ನ್ಯೂಕ್ಲಿಯಸ್ಸಲ್ಲಿ.

ಇಲ್ಲಿ ಒಂದು ತೊಡಕಿದೆ, ಚುರುಕಾಗಿರೋರು ಇಲ್ಲೇ ನಿಂತು ಯೋಚ್ನೆ ಮಾಡ್ಬೇಕು. 1993ರಲ್ಲಿ ಒಲಿವಿಯೇ ಇರಿಯಾಂ ಮತ್ತೆ ಮಾರ್ಸೆಲ್ ಮೆಶಾಲಿ ಝೀನೋಪಸ್ ಭ್ರೂಣದಲ್ಲಿ ನೋಡಿದಾಗ ಆರಿಜಿನ್‌ಗಳು ಇಂಥದ್ದೇ ಸೀಕ್ವೆನ್ಸ್ ಮೇಲೆ ಅಂತ ಇರ್ಲಿಲ್ಲ, ಎಲ್ಲೆಂದ್ರಲ್ಲಿ ಶುರುವಾಗ್ತಿದ್ವು. ಅದಕ್ಕೂ ಮುಂಚೆ 1980ರಲ್ಲೇ ಹಾರ್ಲಂಡ್ ಮತ್ತು ಲಾಸ್ಕಿ, ಮೊಟ್ಟೆಗೆ ಯಾವ ಡಿಎನ್‌ಎ ಚುಚ್ಚಿದ್ರೂ ಅದು ಕಾಪಿ ಮಾಡತ್ತೆ ಅಂತ ತೋರಿಸಿದ್ರು. ಸರಿ, ಪೂರ್ತಿ ಯದ್ವಾತದ್ವಾ ಬಿದ್ರೆ ಸರಾಸರಿ 10,000 ಇದ್ರೂ ಕೆಲವು ಗ್ಯಾಪ್ ತುಂಬಾ ದೊಡ್ಡದಾಗತ್ತೆ. ಲೆಕ್ಕದ ಪ್ರಕಾರ ನೂರಕ್ಕೆ 13ರಿಂದ 14 ಗ್ಯಾಪು 20,000ಕ್ಕಿಂತ ಉದ್ದ ಬರತ್ತೆ, ಅಷ್ಟು ಗ್ಯಾಪ್ 20 ನಿಮಿಷದಲ್ಲಿ ತುಂಬಲ್ಲ. ತುಂಬದೇ ಸೆಲ್ ಒಡೆದ್ರೆ ಕ್ರೋಮೋಸೋಮ್ ಹರಿದು ಹೋಗತ್ತೆ. ಆದ್ರೆ ಭ್ರೂಣ ಆರಾಮಾಗಿದೆ. ಯಾಕಂದ್ರೆ ಆರಿಜಿನ್‌ಗಳ ಅಂತರ ಪೂರ್ತಿ ಯದ್ವಾತದ್ವಾ ಅಲ್ಲ, ಸುಮಾರಾಗಿ ಹದವಾಗಿ ಹಂಚ್ಕೊಂಡಿರತ್ತೆ, ಜೊತೆಗೆ ಎಸ್ ಹಂತ (ಸೆಲ್ಲಲ್ಲಿ ಡಿಎನ್‌ಎ ಕಾಪಿ ಆಗೋ ಹೊತ್ತು) ಮುಂದೆ ಹೋದಷ್ಟೂ ಉಳಿದಿರೋ ಗ್ಯಾಪುಗಳಲ್ಲಿ ಹೊಸ ಆರಿಜಿನ್‌ಗಳು ಇನ್ನೂ ಜೋರಾಗಿ ಹತ್ಕೊಳ್ತವೆ. ಹಂಗೆ ಹತ್ಕೊಳ್ಳೋಕೆ ಸ್ಪೇರ್ ಎಲ್ಲಿಂದ ಬಂತು ಅನ್ನೋದು ಮುಂದಿನ ಹಂತ.

ಹಂತ 5: ಲೈಸೆನ್ಸ್ ಚಿತ್ರ ಬರೀರಿ

6 ಲಕ್ಷ ಕಡೆ ಶುರು ಮಾಡಿದ್ರೆ ಒಂದು ಕಡೆನೂ ಎರಡು ಸಲ ಕಾಪಿ ಆಗ್ಬಾರ್ದು. ಇದನ್ನ ಮೊಟ್ಟೆ ಹೆಂಗೆ ನೋಡ್ಕೊಳ್ಳತ್ತೆ? ಪುಟನ ಉದ್ದಕ್ಕೆ ಎರಡು ಭಾಗ ಮಾಡಿ.

ಎಡಗಡೆ ಬರೀಬೇಕಾದ್ದು, ಮೈಟೋಸಿಸ್ (ನ್ಯೂಕ್ಲಿಯಸ್ ಎರಡಾಗೋದು) ಮುಗಿಯೋ ಹೊತ್ತಲ್ಲಿ ನಡೆಯೋದು. ಓಆರ್‌ಸಿ ಅನ್ನೋ ಪ್ರೋಟೀನ್ ಗುಂಪು ಡಿಎನ್‌ಎ ಮೇಲೆ ಕೂರತ್ತೆ, ಸಿಡಿಸಿ6 ಮತ್ತು ಸಿಡಿಟಿ1 ಅನ್ನೋ ಪ್ರೋಟೀನುಗಳು ಬಂದು ಸೇರ್ಕೊಳ್ತವೆ, ಮೂರೂ ಸೇರಿ ಎಂಸಿಎಂ ಅನ್ನೋ ಆರು ತುಂಡಿನ ಉಂಗುರನ ಡಿಎನ್‌ಎ ಸುತ್ತ ತೊಡಿಸ್ತವೆ, ಎರಡೆರಡು ಉಂಗುರ ಎದುರುಬದುರು. ಇದೇ ಲೈಸೆನ್ಸ್. ಬೇಕಾಗಿದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಉಂಗುರ ತೊಡಿಸಿರತ್ತೆ, ಹೋದ ಹಂತದಲ್ಲಿ ಹೇಳಿದ ಸ್ಪೇರ್ ಇವೇ. ಬಲಗಡೆ, ಎಸ್ ಹಂತ. ಕೈನೇಸ್ ಅನ್ನೋ ಎಂಜೈಮ್‌ಗಳು ಬಂದು ಕೆಲವು ಉಂಗುರನ ಎಬ್ಬಿಸ್ತವೆ, ಸಿಡಿಸಿ45 ಮತ್ತೆ ಜಿನ್ಸ್ ಅನ್ನೋ ಪ್ರೋಟೀನುಗಳು ಸೇರ್ಕೊಂಡು ಅದೇ ಉಂಗುರ ಹೆಲಿಕೇಸ್ (ಎಳೆ ಬಿಚ್ಚೋ ಎಂಜೈಮ್) ಆಗಿ ಓಡತ್ತೆ. ಓಡಿದ ಕಡೆ ಉಂಗುರ ಖಾಲಿ. ಈ ಹೊತ್ತಲ್ಲಿ ಜೆಮಿನಿನ್ ಅನ್ನೋ ಪ್ರೋಟೀನ್ ಸಿಡಿಟಿ1ನ ಹಿಡಿದು ಕೂರಿಸಿರತ್ತೆ, ಹಂಗಾಗಿ ಹೊಸ ಉಂಗುರ ತೊಡಿಸೋಕಾಗಲ್ಲ. ಮುಂದಿನ ಮೈಟೋಸಿಸ್ ಕೊನೆಗೆ ಜೆಮಿನಿನ್ ಹಿಡಿತ ಸಡಿಲ ಆಗತ್ತೆ, ಆಮೇಲೆ ಮತ್ತೆ ಎಡಗಡೆಯಿಂದ.

ಎರಡೂ ಕಡೆದನ್ನ ಒಂದೇ ಚಿತ್ರದಲ್ಲಿ ತುರುಕ್ಬೇಡಿ. ತೊಡಿಸೋ ಟೈಮ್ ಬೇರೆ, ಓಡಿಸೋ ಟೈಮ್ ಬೇರೆ, ಈ ಎರಡು ಯಾವತ್ತೂ ಒಟ್ಟಿಗೆ ಬರಲ್ಲ ಅನ್ನೋದೇ ಇದರ ಗುಟ್ಟು.

ಇದು ಗೊತ್ತಾಗಿದ್ದೂ ಕಪ್ಪೆ ಮೊಟ್ಟೆಯಿಂದಾನೇ. ಮೊಟ್ಟೆಗಳನ್ನ ಸೆಂಟ್ರಿಫ್ಯೂಜಲ್ಲಿ ಹಾಕಿ ಜೋರಾಗಿ ಸುತ್ತಿಸಿ ಜಜ್ಜಿದ್ರೆ ಪದರ ಪದರ ಆಗತ್ತೆ, ನಡುವಿನ ಸೈಟೋಪ್ಲಾಸಂ ಪದರ ತೆಗೆದು ಅದಕ್ಕೆ ವೀರ್ಯಾಣುವಿನ ನ್ಯೂಕ್ಲಿಯಸ್ ಹಾಕಿದ್ರೆ ಟ್ಯೂಬೊಳಗೇ ಡಿಎನ್‌ಎ ಕಾಪಿ ಆಗತ್ತೆ. ಜೂಲಿಯನ್ ಬ್ಲೋ ಮತ್ತು ರಾನ್ ಲಾಸ್ಕಿ 1986ರಲ್ಲಿ ಇದನ್ನ ತೋರಿಸಿ, 1988ರಲ್ಲಿ ಲೈಸೆನ್ಸಿಂಗ್ ಅನ್ನೋ ವಿಚಾರ ಮುಂದಿಟ್ರು. ಒಂದ್ಸಲ ಕಾಪಿ ಆದ ನ್ಯೂಕ್ಲಿಯಸ್ ಮತ್ತೆ ಕಾಪಿ ಆಗಲ್ಲ, ಆದ್ರೆ ಅದರ ಪೊರೆ ತೂತು ಮಾಡಿ ಹೊಸ ಸೈಟೋಪ್ಲಾಸಮಿಗೆ ಹಾಕಿದ್ರೆ ಮತ್ತೊಂದ್ಸಲ ಆಗತ್ತೆ ಅಂತ ಅವರು ಕಂಡ್ರು. ನಮ್ಮ ಕಾಲೇಜು ಲ್ಯಾಬಲ್ಲಿ ಇದನ್ನ ಮಾಡೋಕಾಗಲ್ಲ, ಆದ್ರೆ ಈ ಪ್ರಯೋಗದ ತರ್ಕನ ಬಾಯಲ್ಲಿ ಬಿಡಿಸಿ ಹೇಳೋಕೆ ಬಂದ್ರೆ ಐದನೇ ಹಂತ ಪಾಸ್.

ಹಂತ 6: ಫೋರ್ಕ್

ಇದು ನಿಮಗೆ ಗೊತ್ತಿರೋದೇ. ಒಂದು ಎಳೆ ಸಲೀಸಾಗಿ ಉದ್ದಕ್ಕೆ ಬರತ್ತೆ, ಇನ್ನೊಂದು ಒಕಝಾಕಿ ಅನ್ನೋ ಚಿಕ್ಕ ಚಿಕ್ಕ ತುಂಡುಗಳಾಗಿ, ಕಪ್ಪೆಯಲ್ಲೂ ನಮ್ಮಲ್ಲೂ ಒಂದೊಂದು ತುಂಡು 100ರಿಂದ 200 ನ್ಯೂಕ್ಲಿಯೋಟೈಡ್. ಬ್ಯಾಕ್ಟೀರಿಯಾದ್ದು ಸಾವಿರದಿಂದ ಎರಡು ಸಾವಿರ, ಅದನ್ನ ಇಲ್ಲಿ ಬರೀಬೇಡಿ, ಎಕ್ಸಾಮಲ್ಲಿ ಬಹಳ ಜನ ಬರೀತಾರೆ.

ಹಂತ 7: ಯಾವಾಗ ನಿಧಾನ ಆಗತ್ತೆ ಅಂತ ಗುರುತಿಸಿ

ಟೈಮ್‌ಲೈನ್ ಎಳೀರಿ. ಫಲೀಕರಣದಿಂದ ಮೊದಲನೇ ಗೆರೆಗೆ ಸುಮಾರು 90 ನಿಮಿಷ, ಆಮೇಲೆ ಸುಮಾರು 30 ನಿಮಿಷಕ್ಕೊಂದು. 12 ಸಲ ಒಡೆದ್ರೆ 4,096 ಸೆಲ್. 90ಕ್ಕೆ ಹನ್ನೊಂದು ಮೂವತ್ತು ಕೂಡಿಸಿ, 420 ನಿಮಿಷ, ಅಂದ್ರೆ 7 ಗಂಟೆ. ಅಲ್ಲೀವರೆಗೂ ಸೆಲ್ಲುಗಳಿಗೆ ಜಿ1, ಜಿ2 ಅನ್ನೋ ವಿರಾಮನೇ ಇಲ್ಲ, ಎಸ್ ಆದ್ಮೇಲೆ ಎಂ (ಮೈಟೋಸಿಸ್), ಎಂ ಆದ್ಮೇಲೆ ಎಸ್, ಭ್ರೂಣದ ಸ್ವಂತ ಜೀನುಗಳು ಹೆಚ್ಚೂ ಕಮ್ಮಿ ಸುಮ್ನಿರ್ತವೆ, ತಾಯಿ ಕೊಟ್ಟ ಬುತ್ತಿ ಮೇಲೇನೇ ಎಲ್ಲಾ ನಡೀತಿರತ್ತೆ. ಅಲ್ಲಿಂದ ಮುಂದೆ ಸೈಕಲ್ ಉದ್ದ ಆಗತ್ತೆ, ಸೆಲ್ಲುಗಳ ತಾಳ ತಪ್ಪತ್ತೆ, ಸ್ವಂತ ಜೀನುಗಳು ಕೆಲಸ ಶುರು ಮಾಡ್ತವೆ. ಇದೇ ಮಿಡ್ ಬ್ಲಾಸ್ಟುಲಾ ಟ್ರಾನ್ಸಿಷನ್, 1982ರಲ್ಲಿ ನ್ಯೂಪೋರ್ಟ್ ಮತ್ತು ಕಿರ್ಶ್ನರ್ ಇದರ ಮೇಲೆ ದೊಡ್ಡ ಕೆಲಸ ಮಾಡಿದ್ರು.

ಯಾಕೆ ಅಲ್ಲೇ ನಿಲ್ಬೇಕು? ಸೈಟೋಪ್ಲಾಸಂ ಅಷ್ಟೇ ಇದೆ, ಡಿಎನ್‌ಎ ಪ್ರತಿ ಸುತ್ತಿಗೂ ಡಬಲ್ ಆಗ್ತಿದೆ. ಮೂರನೇ ಹಂತದಲ್ಲಿ ಗೆರೆ ಎಳೆದಿದ್ರಲ್ಲ 2,500 ಪಟ್ಟು ಅಂತ, ಈಗ 2,048 ಮತ್ತೆ 4,096 ಪಕ್ಕ ಇಟ್ಟು ನೋಡಿ, 11ನೇ 12ನೇ ಸುತ್ತಿನ ಹತ್ರಾನೇ ಆ ಸ್ಟಾಕ್ ಸಾಲದೇ ಬರತ್ತೆ. ಆದ್ರೆ ಅದೊಂದೇ ಕಾರಣ ಅಂತ ಬರೀಬೇಡಿ. 2013ರಲ್ಲಿ ಝೆಗರ್‌ಮನ್ ಲ್ಯಾಬಿನವರು ಆರಿಜಿನ್ ಎಬ್ಬಿಸೋಕೆ ಬೇಕಾದ ನಾಲ್ಕು ಪ್ರೋಟೀನುಗಳು, ಟ್ರೆಸ್ಲಿನ್, ರೆಕ್‌ಕ್ಯೂ4, ಕಟ್5 ಮತ್ತು ಡಿಆರ್‌ಎಫ್1, ಈ ಹೊತ್ತಿಗೆ ಎಲ್ಲಾ ನ್ಯೂಕ್ಲಿಯಸ್ಸಿಗೂ ಸಾಕಾಗಲ್ಲ ಅಂತ ತೋರಿಸಿದ್ರು. ಆ ನಾಲ್ಕನ್ನೂ ಹೊರಗಿಂದ ಜಾಸ್ತಿ ಕೊಟ್ರೆ ಭ್ರೂಣ ಇನ್ನೂ ಕೆಲವು ಸುತ್ತು ಬೇಗಬೇಗ ಒಡೆಯತ್ತೆ. ಅಂದ್ರೆ ಇಲ್ಲೂ ಫೋರ್ಕ್ ಸ್ಪೀಡ್ ವಿಷಯ ಅಲ್ಲ, ಎಷ್ಟು ಕಡೆ ಏಕಕಾಲಕ್ಕೆ ಶುರುವಾಗತ್ತೆ ಅನ್ನೋದೇ ವಿಷಯ. ಆರಿಜಿನ್ ಎಲ್ಲಿ ಬೀಳ್ಬೇಕು ಅನ್ನೋದೂ ಇಲ್ಲಿಂದಾಚೆ ಬಿಗಿಯಾಗತ್ತೆ. ರೈಬೋಸೋಮ್ ಜೀನುಗಳ ಸಾಲಲ್ಲಿ ಮೊದ್ಲು ಎಲ್ಲೆಂದ್ರಲ್ಲಿ ಶುರುವಾಗ್ತಿದ್ದಿದ್ದು ಈಗ ಒಂದು ಜೀನಿಗೂ ಇನ್ನೊಂದಕ್ಕೂ ನಡುವಿನ ಖಾಲಿ ಜಾಗಕ್ಕೆ ಸೀಮಿತ ಆಗತ್ತೆ.

ಹಂತ 8: ನಿಮಗೆ ನೀವೇ ಟೆಸ್ಟ್ ಕೊಟ್ಕೊಳ್ಳಿ

ನಾಲ್ಕನೇ ಹಂತದ ಲೆಕ್ಕನ ಝೀನೋಪಸ್ ಟ್ರಾಪಿಕಾಲಿಸ್ ಅನ್ನೋ ಚಿಕ್ಕ ಕಪ್ಪೆಗೆ ಮತ್ತೆ ಮಾಡಿ. ಜೀನೋಮ್ ಒಂದು ಸೆಟ್ಟಿಗೆ 170 ಕೋಟಿ, ಕ್ರೋಮೋಸೋಮ್ 20, ಫೋರ್ಕ್ ಸ್ಪೀಡ್ ಮತ್ತೆ ಅಂತರ ಅವೇ ಅಂತ ಇಟ್ಕೊಳ್ಳಿ. ಆರಿಜಿನ್ ಸಂಖ್ಯೆ 3 ಲಕ್ಷ 40 ಸಾವಿರಕ್ಕೆ ಇಳಿಯತ್ತೆ, ಟೈಮ್ ಮಾತ್ರ ಅದೇ 10 ನಿಮಿಷ. ಯಾಕೆ ಅಂತ ಪುಸ್ತಕ ನೋಡದೇ ಎರಡು ಸಾಲಲ್ಲಿ ಬರೀರಿ. ಆಮೇಲೆ ಅಂತರನ 10,000 ಬದಲು 1 ಲಕ್ಷ ಮಾಡಿ ನೋಡಿ, 100 ನಿಮಿಷ ಬರತ್ತೆ, ಆಗ ಅರ್ಧ ಗಂಟೆಗೊಂದು ಗೆರೆ ಮೂಡೋಕೆ ಸಾಧ್ಯನೇ ಇಲ್ಲ. ನಿಮ್ಮ ತೋಟದ ಗುಂಡಿ ಪಕ್ಕ ಕೂತು ಬರ್ಕೊಂಡ ಟೈಮುಗಳನ್ನ ಇದರ ಪಕ್ಕ ಇಡಿ, ಎರಡು ಗೆರೆ ನಡುವೆ ಸಿಕ್ಕಿರೋ ನಿಮಿಷಗಳಲ್ಲಿ ಮೈಟೋಸಿಸ್ಸಿಗೆ ಒಂದು ಹತ್ತು ನಿಮಿಷ ಕಳೆದು, ಉಳಿದಿದ್ದರಲ್ಲಿ ನಿಮಿಷಕ್ಕೆ 500 ಬೇಸ್ ಲೆಕ್ಕದಲ್ಲಿ ಆರಿಜಿನ್‌ಗಳು ಹೆಚ್ಚು ಅಂದ್ರೆ ಎಷ್ಟು ದೂರ ಇರ್ಬಹುದು ಅಂತ ನೀವೇ ಕಂಡುಹಿಡೀರಿ.